ಬೆಂಡಿಲ್ಲದ ಊರಿನಲ್ಲಿ ಈಜು

ವಿಜಯನಗರ ಬಡಾವಣೆಯಲ್ಲಿ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರುತ್ತದೆ. ಅಂಥ ಊರಿನಲ್ಲಿ ಮೇಷ್ಟರೊಬ್ಬರು ನನಗೆ ನೀರಿಗೆ ಧುಮುಕಲು ಹೇಳಿಕೊಟ್ಟರು.

ನರಗುಂದದ ಕಡೆ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ ಮಗನ ಮನೆಗೆ ಬಂದವನು ನಾನು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಮೊಮ್ಮಗಳು ಸುಮಾಳ ಶಾಲೆಗೆ ಹೋಗಿ ಮಿಸ್ಸನ್ನು ಕಾಣುವುದು ನನ್ನ ಪಾಲಿಗೆ ಬಂತು. ಮಿಸ್ ಪೋಷಕರ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಇಡೀ ಮೈದಾನವನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವನು ಮೂಗನಂತೆ ನಿಂತು ಬಂದೆ.

"ಅಜ್ಜ, ಇನ್ಮೇಲೆ ನೀವು ಬರ್ಬೇಡಿ. ಎಲ್ರೂ ನಗ್ತಾರೆ," ಎಂದಳು ಸುಮಾ.

ಮರುದಿನವೇ ಮಾರೇನಹಳ್ಳಿಯ ಇಂಗ್ಲಿಷ್ ಕ್ಲಾಸಿಗೆ ಸೇರಿದೆ.

"ಟೇಕ್ ದ ಪ್ಲಂಜ್ ಅಂದ್ರೆ ನೀರಿಗೆ ಧುಮುಕೋದು ಸಾರ್. ಹೊಸ ಕೆಲಸಕ್ಕೆ ಇಳಿಯೋದು ಅಂತ. ಗಿವ್ ಇಟ್ ಎ ಶಾಟ್ ಅಂದ್ರೆ ಪ್ರಯತ್ನ ಮಾಡೋದು," ಎಂದರು ಮೇಷ್ಟರು.

"ಒಂದು ಕೈ ನೋಡೋಣು ಅಂತ ನಮ್ಮಲ್ಲೇ ಐತಲ್ರೀ. ಅದಕ್ಕ ಗುಂಡು ಯಾಕ ಹಾರಿಸಬೇಕು?"

"ಯಜಮಾನ್ರೇ, ಯುದ್ಧ ಬೇಡ. ಬಾಯಿಪಾಠ ಮಾಡಿ."

ಮಾಡಿದೆ, ಹಲ್ಲು ಕಚ್ಚಿಕೊಂಡು. ನಮ್ಮೂರಲ್ಲಿ ಯಾರನ್ನೂ ಸುಮ್ಮನೆ ಧುಮುಕು ಎನ್ನುವುದಿಲ್ಲ. ತೇಲುವ ಹಗುರ ಕಟ್ಟಿಗೆಯ ಬೆಂಡನ್ನು ಬೆನ್ನಿಗೆ ಬಿಗಿಯುತ್ತಾರೆ. ಕೆಳಗೆ ಬಾವಿಯಲ್ಲಿ ಹಿರಿಯನೊಬ್ಬ ಕೈ ಚಾಚಿರುತ್ತಾನೆ. ಇಲ್ಲಿ ಬೆಂಡೂ ಇಲ್ಲ, ಕೈಯೂ ಇಲ್ಲ. ಮುಳುಗುವವನನ್ನು ನೋಡಿ ನಗಲು ಮಾತ್ರ ದಡದ ತುಂಬ ಜನ.

ಮುಂದಿನ ಸಲ ಮಿಸ್ ಕರೆಸಿದಾಗ ಬೂಟಿಗೆ ಪಾಲಿಶ್ ಹಾಕಿಕೊಂಡು ಶಾಲೆಗೆ ಹೋದೆ. ಸುಮಾ ಹಾಡಿನ ಸ್ಪರ್ಧೆಗೆ ಹೆಸರು ಕೊಟ್ಟಿಲ್ಲವಂತೆ. "ಶೀ ಶುಡ್ ಗಿವ್ ಇಟ್ ಎ ಶಾಟ್," ಎಂದರು ಮಿಸ್.

"ಯೆಸ್ ಮಿಸ್. ಶೀ ವಿಲ್ ಗಿವ್ ಇಟ್ ಎ ಶಾಟ್," ಎಂದೆ. ಸುಮಾ ತಲೆಯೆತ್ತಿ ನನ್ನನ್ನೇ ನೋಡಿದಳು.

ಅಷ್ಟರಲ್ಲಿ ಮಿಸ್ ಶಾಲೆಯ ಆಯಾಳ ಕಡೆ ತಿರುಗಿದರು: "ಲಕ್ಷ್ಮಮ್ಮ, ಆ ಕಿಟಕಿ ಹಾಕಮ್ಮ, ಧೂಳು ಬರ್ತಾ ಇದೆ."

ಎಂಥ ಅಚ್ಚ ಕನ್ನಡ! ನನ್ನ ಮೈ ಉರಿಯಿತು. ಅಷ್ಟು ಚೆಂದದ ಕನ್ನಡ ಬಾಯಲ್ಲಿಟ್ಟುಕೊಂಡೇ ಆಕೆ ಅಂದು ನನ್ನನ್ನು ಮೂಗನಾಗಿಸಿ ಕಳಿಸಿದ್ದಳು. ಗೇಟಿನ ಬಳಿ ಸುಮಾ ನನ್ನ ಬೆರಳು ಹಿಡಿದಳು. ಸಿಟ್ಟನ್ನು ನುಂಗಿಕೊಂಡೆ.

ಬೇಸಗೆಯಲ್ಲಿ ಊರಿಗೆ ಹೋದಾಗ ಅವಳ ಬೆನ್ನಿಗೆ ನಾನೇ ಬೆಂಡು ಕಟ್ಟಿದೆ. ನನ್ನ ತಮ್ಮ ಬಾವಿಗಿಳಿದು ಕೈ ಚಾಚಿದ. ಹುಡುಗಿ ಮೆಟ್ಟಿಲ ಮೇಲೆ ಹಿಂಜರಿದಳು.

"ಟೇಕ್ ದ ಪ್ಲಂಜ್," ಎಂದೆ. ಅವಳು ಹಾರಿದಳು.

ತಮ್ಮ ಅವಳನ್ನು ಎತ್ತಿ ಹಿಡಿದು, ಮುಖದ ನೀರು ಒರೆಸಿಕೊಳ್ಳುತ್ತ ಮೇಲೆ ನೋಡಿದ.

"ಏನಂದಿ ಅಣ್ಣಾ? ಕನ್ನಡದಾಗ ಹೇಳು, ನಮಗೂ ತಿಳೀಲಿ."