ಬಾಳೆಯ ಹುಸಿಕಾಂಡ

ಪೊಲೀಸ್ ಕಾರ್ಯಾಚರಣೆ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ. ಕಲಬುರಗಿಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಉರ್ದುವಿನಲ್ಲಿ ಪಾಠ ಹೇಳುತ್ತ, ಕೆಲವರಿಗಾಗಿ ಹಲಗೆಯ ಮೂಲೆಯಲ್ಲಿ ಕನ್ನಡ ಪದವನ್ನೂ ಬರೆಯುತ್ತಿದ್ದರು. ಒಂದು ಗುರುವಾರ ಬರೆದದ್ದು ‘ಹುಸಿಕಾಂಡ’. ಬಾಳೆಯ ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಮೇಲೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಬುಡಗಳು ಅಷ್ಟೇ ಎಂದರು. ಡೈರಿಯಲ್ಲಿ ಬರೆದು, ಪಕ್ಕದಲ್ಲಿ ‘ಎಷ್ಟು ಸುತ್ತು? ಎಣಿಸಬೇಕು’ ಎಂದು ಸೇರಿಸಿದೆ.

ಶನಿವಾರ ಕಮಲಾಪುರಕ್ಕೆ ಹೋದೆ. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇದ್ದಳು. ರಜಾಕಾರರ ಗಲಾಟೆಯಲ್ಲಿ ಮನೆಮಂದಿ ಸೋಲಾಪುರಕ್ಕೆ ಹೋಗಿ ಉಳಿದ ತಿಂಗಳುಗಳಲ್ಲಿ ನೀರಿಲ್ಲದೆ ಅವಳ ಕೆಂಪು ಬಾಳೆಯ ತೋಟ ಒಣಗಿತ್ತು. ನಲವತ್ತೊಂದು ಗಿಡಗಳಲ್ಲಿ ಜೀವ ಹಿಡಿದದ್ದು ಒಂದೇ ಮರಿ. ಅದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಳು. ತೋಟ ಮತ್ತೆ ಎದ್ದರೆ ಅದರಿಂದಲೇ ಏಳಬೇಕಿತ್ತು. ನನ್ನ ಸೊಂಟದೆತ್ತರ, ಏಳು ಎಲೆ.

ಮರುದಿನ ಆಯಿ ಸಂತೆಗೆ ಹೋದಾಗ ಅದನ್ನು ನೆಲದಿಂದ ಒಂದು ಗೇಣು ಬಿಟ್ಟು ಕುಡುಗೋಲಿನಿಂದ ಕಡಿದೆ. ಹನ್ನೊಂದು ಸುತ್ತು. ನಡುವೆ ಕಾಂಡವಿಲ್ಲ. ಖುಷಿಯಾಗಿ ಬರೆದುಕೊಳ್ಳುತ್ತಿರುವಾಗ ಆಯಿ ಬಂದಳು.

“ಏನ್ ಮಾಡ್ದಿ ತಮ್ಮಾ?”

“ಕಾಂಡ ಅದ ಏನ್ ಅಂತ ನೋಡ್ದೆ. ಇಲ್ಲ.”

“ಮುಂಜಾನಿ ತನಕ ಇತ್ತಲ್ಲೋ.”

“ಅದು ಹುಸಿಕಾಂಡ, ಆಯಿ. ಜೀವ ಗಡ್ಡ್ಯಾಗ ಇರ್ತದ ಅಂತ ಮಾಸ್ತರರು ಹೇಳ್ಯಾರ.”

“ನಿಮ್ಮ ಮಾಸ್ತರ ಎಷ್ಟ್ ಬಾಳಿ ಹಚ್ಚ್ಯಾರಂತ?”

ಆಯಿ ಸಂತೆಯ ಚೀಲವನ್ನೂ ಬಿಚ್ಚದೆ ಕಟ್ಟೆಯ ಮೇಲೆ ಕೂತಳು. ಅವಳು ಬೈದಿದ್ದರೆ ವಾಸಿಯಿತ್ತು. ನಾನು ಕಡಿದ ಬುಡದ ಮುಂದೆಯೇ ಕೂತೆ. ಮಾಸ್ತರರ ಮಾತು ನಿಜವಾಗದಿದ್ದರೆ ತೋಟ ಹೋದಂತೆಯೇ.

ಮಧ್ಯಾಹ್ನಕ್ಕೆ ನಡುವಿನ ಬಿಳಿ ಸುರುಳಿ ಉಳಿದ ಸುತ್ತುಗಳಿಗಿಂತ ಅರ್ಧ ಬೆರಳು ಮೇಲೆ ಬಂದಿತ್ತು. ಸಂಜೆಗೆ ಒಂದು ಬೆರಳು.

“ಆಯಿ, ಬಾ ಇಲ್ಲಿ.”

ಅವಳು ಬಗ್ಗಿ ತನ್ನ ಬೆರಳನ್ನೇ ಇಟ್ಟು ನೋಡಿದಳು. “ನೀ ಜಗ್ಗಿಲ್ಲ ಹೌದಿಲ್ಲೋ?”

“ಇಲ್ಲ.”

“ನಿನ್ನ ಮ್ಯಾಲ ಭರೋಸಾ ಇಲ್ಲ,” ಎಂದು ಮಣೆ ತಂದು ಹಾಕಿಕೊಂಡು ಕತ್ತಲಾಗುವವರೆಗೆ ಕಾದಳು.

ಸೋಮವಾರ ಬೆಳಿಗ್ಗೆ ನಾನು ಏಳುವ ಮೊದಲೇ ಅಲ್ಲಿದ್ದಳು. “ಮೂರು ಬೆರಳು. ಬರಕೋ,” ಎಂದಳು. ನನ್ನನ್ನು ಶಾಲೆಗೆ ಕಳಿಸಲಿಲ್ಲ. ಗುರುವಾರ ಮೊದಲ ಎಲೆ ಬಿಚ್ಚುವ ಹೊತ್ತಿಗೆ ಓಣಿಯ ಒಂಬತ್ತು ಜನ ಬಂದು ನೋಡಿ ಹೋಗಿದ್ದರು. ಪ್ರತಿಯೊಬ್ಬರಿಗೂ ಆಯಿಯೇ ಹುಸಿಕಾಂಡದ ಅರ್ಥ ಹೇಳಿದಳು, ಗಡ್ಡೆಯ ಮೇಲಿನ ಮಣ್ಣು ಸ್ವಲ್ಪ ಸರಿಸಿ ತೋರಿಸಿ.

ಮಳೆಗಾಲದಲ್ಲಿ ಅದರ ಬುಡದಿಂದ ಎರಡು ಮರಿ ಎದ್ದವು. ತೋಟದಲ್ಲಿ ನೆಡುವಾಗ ಆಯಿ ನನಗೆ ಹೇಳಿ ಕಳಿಸಿದಳು. ಹೋದೆ. ಗುಂಡಿ ತೋಡುವ ಕೆಲಸ ಮಾತ್ರ ಕೊಟ್ಟಳು.