ನಮ್ಮನೆ ಕನ್ನಡದಲ್ಲಿ ಕಪ್ಪುಕುಳಿ

ಕೊಯಮತ್ತೂರಿನ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಏನು ಓದುತ್ತೇನೆಂದು ಅಮ್ಮನಿಗೆ ತಲೆಬುಡ ಗೊತ್ತಿರಲಿಲ್ಲ. ಹಿಂದೆಂದೋ ತಮಿಳುನಾಡಿಗೆ ವಲಸೆ ಬಂದ ನೇಕಾರರು ನಾವು; ಅವಿನಾಶಿಯ ನಮ್ಮ ಮನೆಯಲ್ಲಿ ಪವರ್‌ಲೂಮಿನ ಸದ್ದಿಗಿಂತ ಜೋರಾಗಿ ಕೂಗಿ ಆಡುವ ಕನ್ನಡವಿತ್ತು. ನನ್ನ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡ ಸಂಘದವರು ನವೆಂಬರಿನಲ್ಲಿ ಹಾಡು, ಭಾಷಣದ ಸ್ಪರ್ಧೆ ಇಟ್ಟಾಗ ಭಾಷಣಕ್ಕೆ ಹೆಸರು ಕೊಟ್ಟು, ಅಮ್ಮನನ್ನೂ ಎಳೆದುಕೊಂಡು ಹೋದೆ. ಒಂದು ಸಲವಾದರೂ ಅವಳಿಗೆ ತಿಳಿಯಬೇಕಿತ್ತು.

ಊರಂಚಿನ ಶರವಣಂಪಟ್ಟಿಗೆ ಸಾಫ್ಟ್‌ವೇರ್ ಕಂಪನಿಗಳು ಆಗಷ್ಟೇ ಬಂದಿದ್ದವು. ಸಂಘದ ಕಾರ್ಯದರ್ಶಿ ಅಂಥದೊಂದರಲ್ಲಿ ಎಂಜಿನಿಯರು, ಮೈಸೂರು ಕಡೆಯವರು. ನನ್ನ ಹಾಳೆ ನೋಡಿ ಹುಬ್ಬೇರಿಸಿದರು. ಮಾತು ಕನ್ನಡ, ಅಕ್ಷರ ತಮಿಳು. ಕನ್ನಡ ಲಿಪಿ ಆಗ ನನಗೆ ಬರುತ್ತಿರಲಿಲ್ಲ.

“ನಿಂದು ಅರ್ಧ ತಮಿಳು ಕಣಮ್ಮ. ಇದರಲ್ಲಿ ವಿಜ್ಞಾನ ಹೇಳೋಕಾಗುತ್ತಾ? ಒಂದು ಹಾಡು ಹೇಳಿಬಿಡು, ಸಾಕು.”

ಇವತ್ತು ನೆನೆದರೂ ಮೈ ಉರಿಯುತ್ತದೆ. ಹಾಡುವುದಕ್ಕೆ ಸಾಕಾಗುವ ಕನ್ನಡ ಯೋಚಿಸುವುದಕ್ಕೆ ಸಾಲದಂತೆ!

“ಹಾಡು ಬರಲ್ಲ ಸಾರ್. ಬರೋದು ಇದೇ,” ಎಂದು ಮೈಕಿನ ಮುಂದೆ ಹೋಗಿ ನಿಂತೆ.

“ಲೋಕ ಹುಟ್ಟಿದ ಕೂಡ್ಲೆ, ರೆಪ್ಪೆ ಬಡಿಯೋದ್ರೊಳಗೆ ಸಿಕ್ಕಾಪಟ್ಟೆ ಹಿಗ್ಗಿಬಿಡ್ತು. ನೂಲಲ್ಲಿ ಗಂಟಿದ್ದಂಗೆ ಅದರಲ್ಲೂ ಸಣ್ಣ ಸಣ್ಣ ಏರುಪೇರು ಇತ್ತು. ಲೋಕ ಹಿಗ್ಗಿದಂಗೆ ಅದೂ ಹಿಗ್ತು. ಆಮೇಲೆ ತುಂಬಾ ದಟ್ಟ ಇದ್ದ ಕಡೆ ತನ್ನ ಭಾರಕ್ಕೆ ತಾನೇ ಒಳಗೆ ಕುಸಿದು, ಬೆಳಕೂ ಹೊರಗೆ ಬರೋಕಾಗದ ಕಪ್ಪುಕುಳಿ ಆಗಿರಬೋದು. ನಕ್ಷತ್ರ ಇನ್ನೂ ಒಂದೂ ಹುಟ್ಟಿರಲಿಲ್ಲ.”

ಮುಂದಿನ ಸಾಲಿನಲ್ಲಿ ಯಾರೋ ನನ್ನ ಮಾತಿನ ರಾಗಕ್ಕೆ ಕಿಸಕ್ಕೆಂದರು. ಮಗ್ಗದ ಪಕ್ಕ ನಿಂತು ಬೆಳೆದವಳು ನಾನು, ದನಿ ಏರಿಸಿದೆ.

“ನಕ್ಷತ್ರದ ಗುಂಪು ಸುತ್ತೋ ವೇಗ ನೋಡಿದ್ರೆ, ಅಲ್ಲಿ ಕಾಣೋದಕ್ಕಿಂತ ಭಾರ ಜಾಸ್ತಿ ಇರಬೇಕು. ಆ ಕಾಣದ ಭಾರ ಈ ಹಳೇ ಕುಳಿಗಳೇ ಇರಬೋದು.”

“ಇರಬಹುದು ಅಂದ್ರೇನಮ್ಮ? ಯಾರಾದ್ರೂ ನೋಡಿದ್ದಾರಾ?” ಎಂದರು ಕಾರ್ಯದರ್ಶಿ.

“ಇಲ್ಲ ಸಾರ್. ಅದಕ್ಕೇ ಹುಡುಕ್ತಾ ಇರೋದು. ನೋಡಿಲ್ಲ ಅಂತ ಇಲ್ಲ ಅನ್ನೋಕಾಗುತ್ತಾ?”

ಸಮಯ ಮುಗಿಯಿತೆಂದು ಅವರು ಬೆಲ್ ಒತ್ತಿದರು. ಮುಂದಿನ ಹಾಡುಗಾರ್ತಿ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. ಮಗ್ಗದ ಮನೆಯ ಅದೇ ದೊಡ್ಡ ದನಿ.

“ಕೊಂಚ ಇರಿ ಸಾರ್. ನಂಗೆ ಈಗತಾನೆ ಅರ್ಥ ಆಗ್ತಾ ಐತೆ.”

ಕಾರ್ಯದರ್ಶಿ ಬೆಲ್ಲಿನಿಂದ ಕೈ ತೆಗೆದರು. ನಾನು ಮತ್ತೆ ಮೊದಲಿನಿಂದ ಶುರುಮಾಡಿದೆ.