ಎಡಗಿವಿಯ ತಲೆಸುತ್ತು

ಮೊದಲು ಎಡಗಿವಿ ತುಂಬಿದಂತಾಯಿತು. ತಲೆಗೆ ಎರೆದುಕೊಳ್ಳುವಾಗ ನೀರು ಹೋಗಿರಬೇಕು ಅಂದುಕೊಂಡೆ. ಆಮೇಲೆ ಒಳಗೆ ಭೋರ್ ಎಂಬ ಸಪ್ಪಳ. ಕೂಸನ್ನು ಎತ್ತಿಕೊಂಡು ಪಡಸಾಲೆ ದಾಟುತ್ತಿದ್ದೆ.

ನೆಲ ತಿರುಗಿತು.

ಕೂಸು ಕೈಜಾರಿ ಹಾಸಿಗೆಯ ಸುರುಳಿ ಮೇಲೆ ಬಿತ್ತು. ಪೆಟ್ಟಾಗಲಿಲ್ಲ. ನಾನು ನೆಲಕ್ಕೆ ಕೆನ್ನೆ ಒತ್ತಿ ಮಲಗಿದೆ. ಕಣ್ಣು ಮುಚ್ಚಿದರೂ ತಿರುಗುವುದು ನಿಲ್ಲಲಿಲ್ಲ. ಸಂಜೆಯವರೆಗೂ ವಾಂತಿ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ವರ್ಷ ಕಳೆದಿತ್ತು. ಅದಕ್ಕೂ ಮೊದಲಿನ ಲೂಟಿ-ಗದ್ದಲದಲ್ಲಿ ಕಮಲಾಪುರದ ಹೆಂಗಸರೆಲ್ಲ ತೊಗರಿ ಹೊಲದಲ್ಲಿ ಅಡಗಿ ಕೂತಿದ್ದೆವು. ಹಾಗಾಗಿ ಕಾರಣ ಹುಡುಕುವ ತ್ರಾಸು ಯಾರಿಗೂ ಆಗಲಿಲ್ಲ.

"ಆವಾಗಿನ ಅಂಜಿಕಿ ಇನ್ನಾ ಮೈಯಾಗ ಕುಂತದ," ಅಂದರು ಅತ್ತೆ. ತಾಯತ ಕಟ್ಟಿಸಿದರು. ಸುತ್ತು ಮತ್ತೆ ಮತ್ತೆ ಬಂತು. ಕೂಸನ್ನು ನನ್ನ ಕೈಗೆ ಕೊಡುವುದು ನಿಂತಿತು. ಹಾಲೂಡುವಾಗಲೂ ಅತ್ತೆ ಎದುರಿಗೇ ಕೂಡುತ್ತಿದ್ದರು. ನನಗೆ ಸಿಟ್ಟು ಬರಲಿಲ್ಲ, ನನ್ನ ಕೈಯನ್ನು ನಾನೂ ನಂಬುತ್ತಿರಲಿಲ್ಲ. ಆದರೆ ಹೊಲದಲ್ಲಿ ಎಲ್ಲರೂ ಅಂಜಿದ್ದರಲ್ಲ, ನನಗೊಬ್ಬಳಿಗೇ ಯಾಕೆ ಹೀಗೆ ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೆ.

ಕೊನೆಗೆ ಗಂಡ ಕಲಬುರಗಿಯ ದವಾಖಾನೆಗೆ ಕರೆದೊಯ್ದರು. ವಯಸ್ಸಾದ ಡಾಕ್ಟರ್ ಸಾಹೇಬರು. ಗಂಡ ಅಂಜಿಕೆಯ ಕಥೆ ಶುರು ಮಾಡಿದರು.

"ಅದು ಇರ್ಲಿ," ಅಂದು ಡಾಕ್ಟರು ನನ್ನ ಕಡೆ ತಿರುಗಿದರು. "ಸುತ್ತು ಬರೂಕಿಂತ ಮೊದಲ ಕಿವ್ಯಾಗ ಏನರೆ ಆಗ್ತದೇನವ್ವಾ?"

ಇದನ್ನು ಯಾರೂ ಕೇಳಿರಲಿಲ್ಲ.

"ತುಂಬಿ ಬರ್ತದ್ರಿ. ಭೋರ್ ಅಂತದ."

ಟ್ಯೂನಿಂಗ್ ಫೋರ್ಕ್ ಎಂಬ ಕವಲು ಕಡ್ಡಿ ಬಡಿದು ಎರಡೂ ಕಿವಿಗೆ ಹಿಡಿದರು. ಎಡಕ್ಕೆ ಅರೆಬರೆ ಕೇಳಿಸಿತು. ಮೆನಿಯರ್ಸ್ ಡಿಸೀಸ್ ಅಂದರು. ಕಿವಿಯ ಒಳಗೆ ಮೈಯ ಸಮತೋಲ ಕಾಯುವ ಜಾಗವಿದೆಯಂತೆ, ಅಲ್ಲಿ ನೀರು ಹೆಚ್ಚಾಗುತ್ತದಂತೆ. ಪೂರ್ತಿ ಗುಣವಾಗುವುದಿಲ್ಲ. ಉಪ್ಪು ಕಡಿಮೆ ಮಾಡಬೇಕು. ಸಪ್ಪಳ ಶುರುವಾದೊಡನೆ ಕೂತುಬಿಡಬೇಕು. ಎಡಗಿವಿ ಮಂದವಾಗುತ್ತ ಹೋಗಬಹುದು.

ಗುಣವಾಗದು ಎಂದು ಕೇಳಿಯೂ ಮನಸ್ಸು ಹಗುರಾಯಿತು.

ಗಂಡ ಮನೆಯಲ್ಲಿ ಎಲ್ಲವನ್ನೂ ಹೇಳಿದರು. ಮರುದಿನದಿಂದ ಅತ್ತೆ ನನ್ನ ಪಲ್ಯವನ್ನು ಉಪ್ಪು ಕಡಿಮೆ ಹಾಕಿ ಬೇರೆ ಗಡಿಗೆಯಲ್ಲಿ ಬೇಯಿಸತೊಡಗಿದರು.

ಸುತ್ತು ಈಗಲೂ ಬರುತ್ತದೆ. ಮೊನ್ನೆ ಸಪ್ಪಳ ಬಂದೊಡನೆ ಗೋಡೆಗೆ ಒರಗಿ ಕೂತೆ. ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ನಿಮ್ಮ ಸೊಸಿಗಿ ಅಂಜಿಕಿ ಇನ್ನಾ ಬಿಟ್ಟಿಲ್ಲೇನ್ರಿ?" ಅಂದಳು.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ತಿರುಗಿ ನೋಡಲಿಲ್ಲ.

"ಆಕಿಗಿ ಕಿವಿ ಬ್ಯಾನಿ ಅದ. ಸ್ವಲ್ಪ ತಡಿ, ಕೂಸಿಗಿ ಆಕೀನೇ ಎತ್ಕೋತಾಳ."